ಭೀಮಾ-ಕಾಗಿಣಾ ತೀರದ ಚಿತ್ರಶಿಲ್ಪಿಗಳೂ ವಿದ್ಯಾಸ್ಥಾನಗಳೂ

ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವು ಒಂದು ಚಿತ್ರದರ್ಶನದ ಸುತ್ತ ಹೆಣೆಯಲ್ಪಟ್ಟಿರುವುದು ಸಹೃದಯರಿಗೆ ವಿದಿತವಾಗಿಯೇ ಇದೆ. ತಾನು ಹೇಳಿಕೊಟ್ಟ ಕ್ರಮದಲ್ಲಿ ಚಿತ್ರಕಾರನು ರಾಮನ ಚರಿತೆಯನ್ನು ವೀಥಿಕೆಯಲ್ಲಿ ಬರೆದಿರುವನೆಂದು ಲಕ್ಷ್ಮಣನು ಬಿನ್ನವಿಸುತ್ತಾನೆ. ಆ ಚಿತ್ರಗಳನ್ನು ಕಂಡ ಸೀತೆಗೆ ಮರಳಿ ವನವನ್ನೂ ಭಾಗೀರಥಿಯನ್ನೂ ನೋಡುವ ಬಯಕೆಯುಂಟಾಗುತ್ತದೆ. ಆ ಬಯಕೆಯೇ ಮುಂದಿನ ಕರುಣಕಥೆಗೆಲ್ಲ ದ್ವಾರವಾಗುತ್ತದೆ. ಚಿತ್ರವನ್ನು ನೋಡಿದವರೂ ನೋಡಿಸಿದವನೂ ಲೋಕದ ನೆನಪಿನಲ್ಲಿ ನಿಂತಿದ್ದಾರೆ. ಬರೆದವನು ಯಾರೆಂದು ವಿಚಾರಿಸಿದವರು ವಿರಳ.

ವಿಶ್ವವಿದ್ಯಾಲಯಗಳು ತಮ್ಮ ಪ್ರಾಂತದ ಚಿತ್ರಕಾರರ ಹೆಸರಿನಲ್ಲಿ ಪ್ರದರ್ಶನಗಳನ್ನೇರ್ಪಡಿಸುವುದೂ ಚಿತ್ರಶಾಲೆಗಳನ್ನು ತೆರೆಯುವುದೂ ಈಚಿನ ವಾಡಿಕೆ. ಅದನ್ನು ಸಮಾರಂಭಗಳ ಸಾಲಿಗೆ ಸೇರಿಸಿ ಮರೆಯುವವರುಂಟು. ಆದರೆ ಇತಿಹಾಸದೃಷ್ಟಿಯಿಂದ ನೋಡಿದರೆ ಇದು ಅಲ್ಪವಾದ ವಿಷಯವಲ್ಲ. ವಿದ್ಯಾಸ್ಥಾನಕ್ಕೂ ಚಿತ್ರಶಿಲ್ಪಿಗೂ ನಮ್ಮ ದೇಶದಲ್ಲಿ ಇದ್ದ ಸಂಬಂಧವೆಂತಹದು, ಆತನ ಹೆಸರನ್ನು ಯಾರು ಉಳಿಸಿದರು, ಯಾರು ಉಳಿಸಲಿಲ್ಲ ಎಂಬ ಪ್ರಶ್ನೆಗಳು ಇದರಲ್ಲಿ ಅಡಕವಾಗಿವೆ. ಇವುಗಳನ್ನು ಪರಿಶೀಲಿಸುವುದಕ್ಕೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನೊಳಗೊಂಡ ಕಲಬುರಗಿ ಸೀಮೆಗಿಂತ ತಕ್ಕ ಭೂಮಿಕೆ ಬೇರೊಂದು ದೊರೆಯುವುದು ದುರ್ಲಭ. ಏಕೆಂದರೆ ಎರಡು ಸಾವಿರ ವರ್ಷಗಳ ಹಿಂದಿನ ಸಾಕ್ಷ್ಯವೂ ನಿನ್ನೆ ಮೊನ್ನೆಯ ಸಾಕ್ಷ್ಯವೂ ಇಲ್ಲಿ ಒಂದೇ ದಿನದ ಪ್ರಯಾಣದ ಅಳವಿನಲ್ಲಿ ದೊರೆಯುತ್ತವೆ.

ಮೊದಲು ನೆಲದ ಮಾತು. ಚಿಂಚೋಳಿಯ ಕಾಡುಗುಡ್ಡಗಳ ಕಡೆಯಿಂದ ಬರುವ ಮುಲ್ಲಾಮಾರಿಯು ಕಾಗಿಣೆಯನ್ನು ಸೇರುತ್ತದೆ. ಕಾಗಿಣೆಯು ಮಳಖೇಡದ ಕೋಟೆಯನ್ನು ಸವರಿಕೊಂಡು ಸಾಗಿ ಶಹಾಬಾದದ ಕೆಳಗಡೆ ಹೊನಗುಂಟೆಯ ಬಳಿ ಭೀಮೆಯನ್ನು ಕೂಡುತ್ತದೆ. ಈ ನದಿಗಳ ನಡುವಣ ನೆಲವೆಲ್ಲ ಪದರಪದರವಾದ ಸುಣ್ಣಕಲ್ಲು. ದಕ್ಷಿಣದೇಶದ ಮನೆಗಳಲ್ಲಿ ನೆಲಕ್ಕೆ ಹಾಸುವ ‘ಶಹಾಬಾದಿ ಕಲ್ಲು’ ಇದೇ. ಶಹಾಬಾದದ ಸಿಮೆಂಟು ಕಾರಖಾನೆಯು ೧೯೩೬ರಲ್ಲಿ ಹಲವು ಸಿಮೆಂಟು ಕಂಪನಿಗಳು ಒಂದುಗೂಡಿದಾಗ ಎ.ಸಿ.ಸಿ. ಸಂಸ್ಥೆಯಲ್ಲಿ ಸೇರಿತು, ಆಮೇಲೆ ವಾಡಿಯಲ್ಲಿಯೂ ಮಳಖೇಡದಲ್ಲಿಯೂ ಸೇಡಮಿನಲ್ಲಿಯೂ ಹೊಸ ಕಾರಖಾನೆಗಳು ಎದ್ದವು. ಸೇಡಮಿನ ಕಾರಖಾನೆಗೆ ‘ವಾಸವದತ್ತಾ’ ಎಂದು ಹೆಸರಿಟ್ಟರು. ಭಾಸನ ನಾಯಿಕೆಯು ಸುಣ್ಣದ ಭಟ್ಟಿಗೆ ಅಧಿದೇವತೆಯಾದಳೆಂದು ನಗುವುದಕ್ಕೆ ಅವಕಾಶವುಂಟಾದರೂ, ಕಲ್ಲಿನ ಊರಿಗೆ ಕಾವ್ಯದ ಹೆಸರು ಬಂದುದು ಒಂದು ಸಂತೋಷವೇ ಸರಿ. ಪ್ರಕೃತಕ್ಕೆ ಮುಖ್ಯವಾದುದೇನೆಂದರೆ, ಈ ಕಲ್ಲು ಪುಡಿಯಾಗುವುದಕ್ಕೆ ಬಹು ಮೊದಲೇ ಇಲ್ಲಿಯ ಶಿಲ್ಪಿಗಳು ಈ ಸೀಮೆಯ ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಕಥೆಗಳನ್ನು ಕೆತ್ತಿದ್ದರು.

ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಡದಲ್ಲಿರುವ ಸನ್ನತಿಯ ಹೆಸರು ೧೯೮೬ರಿಂದೀಚೆಗೆ ವಿದ್ವಲ್ಲೋಕದಲ್ಲಿ ಪ್ರಸಿದ್ಧವಾಯಿತು. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದೊಳಗಿನ ಕಾಳಿಯ ಗುಡಿಯ ಮಾಳಿಗೆ ಕುಸಿದುಬಿದ್ದಾಗ ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಕಂಡುಬಂದವು. ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಯಾರೋ ಆ ಬರಹದ ನಡುವೆಯೇ ಚೌಕವಾದ ಗುಳಿಯನ್ನು ತೋಡಿದ್ದರು. ಸನ್ನತಿಗೆ ಅನತಿದೂರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದವರು ೧೯೯೪ರಿಂದ ಉತ್ಖನನ ನಡೆಸಿ ಒಂದು ಮಹಾಸ್ತೂಪವನ್ನು ಬೆಳಕಿಗೆ ತಂದರು. ಅದರ ಲೇಖಗಳಲ್ಲಿ ‘ಅಧೋಲೋಕ ಮಹಾಚೈತ್ಯ’ವೆಂಬ ಹೆಸರು ಬಂದಿದೆ. ಉತ್ಖನನದ ವಿವರವಾದ ವರದಿಯನ್ನು ಕೆ. ಪಿ. ಪೂಣಚ್ಚನವರು ೨೦೧೩ರಲ್ಲಿ ಹೊರತಂದರು.

ಕನಗನಹಳ್ಳಿಯ ಚಪ್ಪಡಿಗಳ ವೈಶಿಷ್ಟ್ಯವಿರುವುದು ಶಿಲ್ಪದಲ್ಲಿ ಮಾತ್ರವಲ್ಲ, ಶಿಲ್ಪದೊಡನೆ ಕೆತ್ತಿರುವ ಬರಹದಲ್ಲಿ. ರಾಣಿಯೊಡನೆ ಪರಿವಾರಸಹಿತನಾಗಿ ನಿಂತ ರಾಜನೊಬ್ಬನ ಚಿತ್ರಕ್ಕೆ ಬ್ರಾಹ್ಮೀ ಅಕ್ಷರಗಳಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಬರೆದಿದೆ. ಅಶೋಕನ ಹೆಸರನ್ನು ಹೊತ್ತ ಪ್ರಾಚೀನ ಪ್ರತಿಮೆಯೊಂದು ದೊರೆತುದು ಇಲ್ಲಿಯೇ. ಶಾತವಾಹನ ರಾಜರ ಚಿತ್ರಗಳಿಗೂ ಹೀಗೆಯೇ ಹೆಸರುಗಳಿವೆ. ಶಾತಕರ್ಣಿಯು ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಿರುವ ಪ್ರಸಂಗವೊಂದು. ಪುಳುಮಾವಿಯು ಉಜ್ಜಯಿನಿಯನ್ನು ಬಿಟ್ಟುಕೊಡುತ್ತಿರುವ ಪ್ರಸಂಗ ಇನ್ನೊಂದು. ಈ ಎರಡನೆಯದರಲ್ಲಿ ಧಾರೆಯೆರೆಯುವ ಪಾತ್ರೆಯನ್ನು ಹಿಡಿದು ನಿಂತ ಭಂಗಿಯನ್ನು ನೋಡಿದರೆ, ರಾಜಕಾರ್ಯದ ಮಾತೊಂದನ್ನು ಕೈಯ ಒಂದೇ ಬಾಗಿನಿಂದ ಹೇಳಬಲ್ಲ ಕುಶಲತೆ ಆ ಶಿಲ್ಪಿಗೆ ಇದ್ದಿತೆಂಬುದು ವ್ಯಕ್ತವಾಗುತ್ತದೆ.

ಇಂದಿನ ಚಿತ್ರಶಾಲೆಯಲ್ಲಿ ಪ್ರತಿಯೊಂದು ಚಿತ್ರದ ಕೆಳಗೆ ಹೆಸರಿನ ಚೀಟಿಯನ್ನು ಅಂಟಿಸುತ್ತಾರಷ್ಟೆ. ಕನಗನಹಳ್ಳಿಯಲ್ಲಿ ಆ ಚೀಟಿಯೂ ಕಲ್ಲಿನದೇ. ಪ್ರದಕ್ಷಿಣೆ ಬರುವ ಯಾತ್ರಿಕನು ನೋಡುತ್ತ, ಓದುತ್ತ, ಅಥವಾ ಓದಬಲ್ಲವನಿಂದ ಕೇಳುತ್ತ ನಡೆಯಬೇಕೆಂಬ ಉದ್ದೇಶದಿಂದಲೇ ಇದನ್ನು ಏರ್ಪಡಿಸಿರಬೇಕು. ಆದುದರಿಂದ ಇದನ್ನು ಈ ಸೀಮೆಯ ಅತ್ಯಂತ ಪ್ರಾಚೀನ ಚಿತ್ರವೀಥಿಯೆಂದು ಕರೆಯುವುದು ಅತಿಶಯೋಕ್ತಿಯಾಗದು. ಭರ್ಹುತದ ಸ್ತೂಪದಲ್ಲಿಯೂ ಇಂತಹ ಶೀರ್ಷಿಕಾಲೇಖಗಳುಂಟು. ಎರಡು ಕಡೆಗಳಲ್ಲಿಯೂ ಶೀರ್ಷಿಕೆಯು ಚಿತ್ರದೊಳಗಿನವನ ಹೆಸರನ್ನು ಹೇಳುತ್ತದೆ. ದಾನಲೇಖವು ದ್ರವ್ಯವನ್ನು ಕೊಟ್ಟವನ ಹೆಸರನ್ನು ಹೇಳುತ್ತದೆ. ಈ ಎರಡರ ನಡುವೆ, ಉಳಿಯನ್ನು ಹಿಡಿದ ಕೈ ಸಾಮಾನ್ಯವಾಗಿ ಮರೆಯಾಗಿಹೋಗುತ್ತದೆ.

ಇದರ ಮೇಲಿಂದ ಪ್ರಾಚೀನರು ಶಿಲ್ಪಿಯನ್ನು ಆದರಿಸಲಿಲ್ಲವೆಂದು ನಿರ್ಣಯಿಸುವುದು ಅವಸರದ ಮಾತು. ಬಾದಾಮಿಯ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ (ಕ್ರಿ. ಶ. ೭೩೩–೭೪೪) ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ದೇವಾಲಯದ ಕನ್ನಡ ಶಾಸನವು ಸೂತ್ರಧಾರಿಯಾದ ಗುಂಡನ ಹೆಸರನ್ನು ಹೇಳಿ, ಅವನಿಗೆ ಸಂದ ರಾಜಸಮ್ಮಾನವನ್ನೂ ‘ತ್ರಿಭುವನಾಚಾರಿ’ ಎಂಬ ಬಿರುದನ್ನೂ ದಾಖಲು ಮಾಡಿದೆ. ಬಿರುದೂ ಪಟ್ಟವೂ ಕವಿಗೆ ಹೇಗೋ ಹಾಗೆ ಶಿಲ್ಪಿಗೂ ಸಲ್ಲುತ್ತಿದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಾಗಿಲ್ಲ.

ಮಳಖೇಡದ, ಎಂದರೆ ಮಾನ್ಯಖೇಟದ, ರಾಷ್ಟ್ರಕೂಟರ ವಿಷಯದಲ್ಲಿ ಪ್ರಮಾಣವು ಬೇರೆ ಬಗೆಯಾಗಿದೆ. ಒಂದನೆಯ ಕೃಷ್ಣನು ಎಲ್ಲೋರದಲ್ಲಿ ಕೈಲಾಸನಾಥನನ್ನು ಬೆಟ್ಟದಿಂದ ಬಿಡಿಸಿ ತೆಗೆಯಿಸಿದ ಕಾಲಕ್ಕೆ ಮಾನ್ಯಖೇಟವಿನ್ನೂ ರಾಜಧಾನಿಯಾಗಿರಲಿಲ್ಲ. ಆ ಪದವಿ ಅದಕ್ಕೆ ಬಂದುದು ಅಮೋಘವರ್ಷನ ಕಾಲದಲ್ಲಿ. ಗುಜರಾತಿನ ಶಾಖೆಯ ಕರ್ಕರಾಜನ ಶಕ ೭೩೪ರ (ಕ್ರಿ. ಶ. ೮೧೨) ಬಡೋದೆಯ ತಾಮ್ರಪಟವು ಆ ದೇವಾಲಯವನ್ನು ವರ್ಣಿಸುತ್ತ, ವಿಮಾನಗಳಲ್ಲಿ ಸಂಚರಿಸುವ ದೇವತೆಗಳು ಅದನ್ನು ಸ್ವಯಂಭುವೆಂದೇ ಬಗೆದರೆಂದೂ, ಕಟ್ಟಿದ ಶಿಲ್ಪಿಯೇ ‘ಇದನ್ನು ತಾನು ಮಾಡಿದುದು ಹೇಗೆ’ ಎಂದು ಬೆರಗಾದನೆಂದೂ ಹೇಳುತ್ತದೆ. ಶಾಸನಕವಿಯು ಶಿಲ್ಪಿಯ ಹೆಸರನ್ನು ಹೇಳಲಿಲ್ಲ; ಆದರೆ ಅವನ ಅಂತರಂಗವನ್ನು ಹೇಳಿದನು. ಕೃತಿಯ ಎದುರಿನಲ್ಲಿ ಕರ್ತೃವು ಬೆರಗಾಗಿ ನಿಂತ ಆ ಒಂದು ಕ್ಷಣವನ್ನು ಹಿಡಿದಿಟ್ಟ ಶ್ಲೋಕವು ನೂರು ಬಿರುದಾವಳಿಗಳಿಗೆ ಸಮನಾದುದು. ಆದರೂ ಇತಿಹಾಸಕಾರನಿಗೆ ಹೆಸರು ಬೇಕು, ಬೆರಗು ಸಾಲದು.

ಇನ್ನು ವಿದ್ಯಾಸ್ಥಾನದ ಪಕ್ಷವನ್ನು ನೋಡಬೇಕು. ಚಿತ್ತಾಪುರಕ್ಕೆ ಹೊಂದಿಕೊಂಡಂತಿರುವ ನಾಗಾವಿಯು ಈಗ ಎಲ್ಲಮ್ಮನ ಗುಡಿಯಿಂದಲೂ ‘ಅರವತ್ತು ಕಂಬದ ಗುಡಿ’ಯಿಂದಲೂ ಜನಕ್ಕೆ ಪರಿಚಿತವಾಗಿದೆ. ಹನ್ನೊಂದನೆಯ ಶತಮಾನದಲ್ಲಿ ಅದು ಕಲ್ಯಾಣದ ಚಾಲುಕ್ಯರ ರಾಜ್ಯದ ಪ್ರಮುಖ ಘಟಿಕಾಸ್ಥಾನವಾಗಿದ್ದಿತು. ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ತ್ರೈಪುರುಷದೇವರ ಆಲಯವನ್ನೂ ಘಟಿಕಾಶಾಲೆಯನ್ನೂ ನಿರ್ಮಿಸಿ, ಅದಕ್ಕೆ ಬೇಕಾದ ವೃತ್ತಿಗಳನ್ನು ಏರ್ಪಡಿಸಿದುದು ಶಕ ೯೮೦ರ (ಕ್ರಿ. ಶ. ೧೦೫೮) ಶಾಸನದಿಂದ ತಿಳಿದುಬರುತ್ತದೆ. ವೇದವನ್ನೋದುವ ೨೦೦ ಮಂದಿ ವಿದ್ಯಾರ್ಥಿಗಳು, ಶಾಸ್ತ್ರವನ್ನೋದುವ ೫೨ ಮಂದಿ. ಅವರಿಗೆ ವೇದದ ಉಪಾಧ್ಯಾಯರು ಬೇರೆ, ಶಾಸ್ತ್ರದ ಉಪಾಧ್ಯಾಯರು ಬೇರೆ. ಕುಮಾರಿಲಭಟ್ಟನ ಮತವನ್ನು ವ್ಯಾಖ್ಯಾನಿಸುವವನೊಬ್ಬ, ಪ್ರಭಾಕರನ ಮತವನ್ನು ವ್ಯಾಖ್ಯಾನಿಸುವವನೊಬ್ಬ, ವ್ಯಾಕರಣದಲ್ಲಿ ನ್ಯಾಸವನ್ನು ಹೇಳುವವನೊಬ್ಬ. ಒಂದೇ ಮೀಮಾಂಸೆಯ ಎರಡು ವಿರುದ್ಧಮತಗಳಿಗೆ ಒಂದೇ ಶಾಲೆಯಲ್ಲಿ ಎರಡು ಪೀಠಗಳಿದ್ದುವೆಂಬುದು ಗಮನಿಸತಕ್ಕ ವಿಷಯ. ವಾದಕ್ಕೆ ಅಲ್ಲಿ ಸ್ಥಳವಿದ್ದಿತು.

ಇವರೆಲ್ಲರ ಜೊತೆಗೆ ಆರು ಮಂದಿ ‘ಸರಸ್ವತೀಭಾಂಡಾರಿಕ’ರು, ಎಂದರೆ ಗ್ರಂಥಭಂಡಾರದ ಪಾಲಕರು, ಇದ್ದರು. ಅವರ ಜೀವನಕ್ಕೂ ಭೂಮಿಯನ್ನು ಬಿಡಲಾಗಿದ್ದಿತು. ೨೫೨ ಮಂದಿ ವಿದ್ಯಾರ್ಥಿಗಳಿಗೆ ಆರು ಮಂದಿ ಗ್ರಂಥಪಾಲಕರೆಂದರೆ ಈಗಿನ ಎಷ್ಟೋ ಕಾಲೇಜುಗಳು ತಲೆತಗ್ಗಿಸಬೇಕಾದ ಪ್ರಮಾಣ. ಓಲೆಗಳನ್ನು ಪ್ರತಿಮಾಡುವುದು, ಎಣ್ಣೆಹಚ್ಚಿ ಕಾಪಾಡುವುದು, ಹುಳುಹತ್ತದಂತೆ ನೋಡಿಕೊಳ್ಳುವುದು ಇವೆಲ್ಲ ಶ್ರಮದ ಕೆಲಸಗಳು. ಪಾಠ ಹೇಳುವವನಂತೆಯೇ ಪುಸ್ತಕವನ್ನು ಕಾಯುವವನೂ ವಿದ್ಯೆಯ ಅಂಗವೆಂದು ಮಧುಸೂದನನು ಬಗೆದನು. ಈ ಶಾಸನಗಳನ್ನು ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಗ್ರಂಥಮಾಲೆಯ ಎಂಟನೆಯ ಪುಸ್ತಕವಾಗಿ ೧೯೨೮ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿ ಪ್ರಕಟಪಡಿಸಿದರು.

ಆದರೆ ವೇದ, ಮೀಮಾಂಸೆ, ವ್ಯಾಕರಣಗಳ ಈ ವ್ಯವಸ್ಥೆಯ ಪಕ್ಕದಲ್ಲಿಯೇ, ಅರವತ್ತು ಕಂಬಗಳನ್ನು ಕಡೆದು ನಿಲ್ಲಿಸಿದವರ ವಿದ್ಯೆಯು ಬೇರೊಂದು ದಾರಿಯಲ್ಲಿ ಹರಿಯುತ್ತಿದ್ದಿತು. ಘಟಿಕೆಯ ವಿದ್ಯೆ ಶಾಸ್ತ್ರದಿಂದ ಶಾಸ್ತ್ರಕ್ಕೆ. ಶಿಲ್ಪಿಯ ವಿದ್ಯೆ ತಂದೆಯಿಂದ ಮಗನಿಗೆ. ಮೊದಲನೆಯದಕ್ಕೆ ದತ್ತಿಯುಂಟು, ಎರಡನೆಯದಕ್ಕೆ ಕೂಲಿಯುಂಟು. ಶಾಸ್ತ್ರಜ್ಞನು ಕಲಿತು ಹೊರಬಂದ ಮಂಟಪವನ್ನು ಕಟ್ಟಿದವನು ಆ ಮಂಟಪದಲ್ಲಿ ಕುಳಿತು ಕಲಿಯಲಿಲ್ಲ. ಈ ಅಗಲಿಕೆಯೇ ಮುಂದಿನ ಕಾಲದ ಸಂಗತಿಗಳನ್ನು ತಿಳಿಯುವುದಕ್ಕೆ ಕೀಲಿಕೈಯಾಗಿದೆ.

ಅಗಲಿಕೆಯನ್ನು ಕಡಿಮೆಮಾಡುವ ಪ್ರಯತ್ನ ಆ ಚಾಲುಕ್ಯವಂಶದಲ್ಲಿಯೇ ನಡೆಯಿತು. ಮೂರನೆಯ ಸೋಮೇಶ್ವರನು (ಕ್ರಿ. ಶ. ೧೧೨೬–೧೧೩೮) ಶಕ ೧೦೫೧ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವೆಂಬ ಅಭಿಲಷಿತಾರ್ಥಚಿಂತಾಮಣಿಯಲ್ಲಿ ಚಿತ್ರಕರ್ಮಕ್ಕೆ ದೀರ್ಘವಾದ ಭಾಗವಿದೆ. ಗೋಡೆಯನ್ನು ಹದಗೊಳಿಸುವುದು, ವಜ್ರಲೇಪವನ್ನು ಸಿದ್ಧಪಡಿಸುವುದು, ಕುಂಚಗಳ ಭೇದ, ಬಣ್ಣಗಳ ಬೆರಕೆ ಇವುಗಳನ್ನೆಲ್ಲ ರಾಜನೇ ಸಂಸ್ಕೃತಶ್ಲೋಕಗಳಲ್ಲಿ ಬರೆದಿಟ್ಟನು. ಕೈಕೆಲಸವು ಶಾಸ್ತ್ರದ ಪಂಕ್ತಿಯಲ್ಲಿ ಕುಳಿತುದಕ್ಕೆ ಇದು ದೊಡ್ಡ ನಿದರ್ಶನ. ಚಿತ್ರಗಳ ವಿಭಾಗವನ್ನು ಹೇಳುವಾಗ ಕನ್ನಡಿಯ ಬಿಂಬದಂತೆ ಸಾದೃಶ್ಯವುಳ್ಳದು ‘ವಿದ್ಧ’ವೆಂದೂ, ಕಲ್ಪನೆಯಿಂದ ಬರೆದುದು ‘ಅವಿದ್ಧ’ವೆಂದೂ ಹೇಳಿ, ಬಣ್ಣದ ಪುಡಿಯಿಂದ ನೆಲದ ಮೇಲೆ ಹಾಕುವ ‘ಧೂಲಿಚಿತ್ರ’ವನ್ನೂ, ಎಂದರೆ ಹೆಂಗಸರ ರಂಗವಲ್ಲಿಯ ಜಾತಿಯದನ್ನೂ, ಅದೇ ಸಾಲಿನಲ್ಲಿ ಸೇರಿಸಿದ್ದಾನೆ. ಬೆಳಗ್ಗೆ ಹಾಕಿ ಸಂಜೆಗೆ ಅಳಿಸಿಹೋಗುವುದನ್ನೂ ಚಿತ್ರವೆಂದು ಪರಿಗಣಿಸಿದ ಈ ಔದಾರ್ಯವನ್ನು ಮುಂದೆ ನೆನೆಯಬೇಕಾಗುತ್ತದೆ.

ಕಲ್ಯಾಣದ ಪತನದಿಂದ ಹೈದರಾಬಾದಿನ ಪುರಾತತ್ತ್ವ ಇಲಾಖೆಯ ಸ್ಥಾಪನೆಯವರೆಗೆ (೧೯೧೪) ಏಳು ಶತಮಾನಗಳ ಕಥೆ ಇಲ್ಲಿ ವಿಸ್ತರಿಸತಕ್ಕುದಲ್ಲ. ಬಹಮನಿಯರ ಗುಮ್ಮಟಗಳೂ ಅವುಗಳ ಗಾರೆಗೆಲಸವೂ ಬೇರೆ ಲೇಖನಕ್ಕೆ ವಿಷಯ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯವು ಆ ಕಾಲದ ಎರಡು ಗುಮ್ಮಟಗಳೊಳಗೆ ನೆಲೆಸಿ, ಸನ್ನತಿಯ ಶಿಲ್ಪಗಳಿಗೂ ಅಲ್ಲಿ ಆಶ್ರಯ ದೊರೆತಿರುವುದನ್ನು ಮಾತ್ರ ಹೇಳಿದರೆ ಸಾಕು. ಬೌದ್ಧಶಿಲ್ಪಕ್ಕೆ ಮುಸಲ್ಮಾನ ಶಿಲ್ಪಿಯ ಛತ್ರ.

ಆಧುನಿಕ ಕಾಲದಲ್ಲಿ ಈ ಸೀಮೆಯ ಚಿತ್ರಕಲೆಗೆ ದಿಕ್ಕನ್ನು ತೋರಿದುದು ರೈಲುದಾರಿ. ಮುಂಬಯಿ–ರಾಯಚೂರು ಮಾರ್ಗವು ೧೮೭೧ರಲ್ಲಿ ಪೂರ್ಣವಾಯಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗವು ೧೮೭೪ರಲ್ಲಿ ತೆರೆಯಿತು. ಮೈಸೂರು ದೂರವಾಯಿತು, ಮುಂಬಯಿ ಸಮೀಪವಾಯಿತು. ಮೈಸೂರಿನ ಅರಮನೆಯ ಆಶ್ರಯ ಈ ಕಡೆಯ ಚಿತ್ರಕಾರನಿಗೆ ಇರಲಿಲ್ಲ. ಕಲಿಯಬೇಕೆಂದರೆ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ, ಇಲ್ಲವೆ ಕನ್ನಡಿಗರಾದ ಜಿ. ಎಸ್. ದಂಡಾವತಿಮಠರು ಅಲ್ಲಿ ನಡೆಸುತ್ತಿದ್ದ ನೂತನ ಕಲಾಮಂದಿರ. ಕಲಬುರಗಿಯಲ್ಲಿ ಶಂಕರರಾವ್ ಆಳಂದಕರರು ಎಳೆಯರಿಗೆ ಮೊದಲ ಪಾಠಗಳನ್ನು ಹೇಳಿ ಆ ದಾರಿಗೆ ಹತ್ತಿಸುತ್ತಿದ್ದರು.

ಅವರ ಕೈಯಲ್ಲಿ ಪಳಗಿದವರಲ್ಲಿ ಅಗ್ರಗಣ್ಯರು ಸಾಂಬಾನಂದ ಮೋನಪ್ಪ ಪಂಡಿತರು. ಎಸ್. ಎಂ. ಪಂಡಿತ್ ಎಂಬ ಹೆಸರಿನಿಂದ ದೇಶವೆಲ್ಲ ಬಲ್ಲ ಈ ಚಿತ್ರಕಾರರು ೧೯೧೬ನೆಯ ಇಸವಿ ಮಾರ್ಚಿ ೨೫ರಂದು ಕಲಬುರಗಿಯಲ್ಲಿ ಲೋಹಗೆಲಸದ ವಿಶ್ವಕರ್ಮ ಕುಟುಂಬದಲ್ಲಿ ಜನಿಸಿದರು. ನಾಗಾವಿಯ ಕಂಬಗಳನ್ನು ಕಡೆದ ಪರಂಪರೆ ಯಾವುದೋ ಅದೇ ಬಗೆಯ ಮನೆಯ ಕೂಸು; ಆದರೆ ತಂದೆಯ ಉಳಿಯಿಂದ ಹೊರಟು ಶಾಲೆಯ ಕುಂಚಕ್ಕೆ ಹೋದವರು. ನೂತನ ಕಲಾಮಂದಿರದಲ್ಲಿಯೂ ಜೆ. ಜೆ. ಶಾಲೆಯಲ್ಲಿಯೂ ಅಭ್ಯಾಸ ಮಾಡಿ, ಚಲಚ್ಚಿತ್ರಗಳ ಪ್ರಚಾರಚಿತ್ರಗಳನ್ನೂ, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ಬರೆದು ಹೆಸರಾದರು. ಮುಂಬಯಿಯಲ್ಲಿ ಸ್ವಂತ ಚಿತ್ರಾಲಯವನ್ನು ತೆರೆದರು. ಪುರಾಣೇತಿಹಾಸಗಳ ಪ್ರಸಂಗಗಳನ್ನು ಅವರು ಬರೆದ ಚಿತ್ರಗಳು ಕ್ಯಾಲೆಂಡರುಗಳಾಗಿ ಮುದ್ರಿತವಾಗಿ ಹಳ್ಳಿಹಳ್ಳಿಯ ಗೋಡೆಗಳನ್ನೇರಿದವು. ಕಡೆಯ ಕಾಲವನ್ನು ಹುಟ್ಟೂರಿನಲ್ಲಿ ಕಳೆದು ೧೯೯೩ರ ಮಾರ್ಚಿ ೩೦ರಂದು ದಿವಂಗತರಾದರು.

ಪಂಡಿತರ ಚಿತ್ರಗಳ ವಿಷಯದಲ್ಲಿ ವಿದ್ವಾಂಸರು ಬಹುಕಾಲ ಮೌನವಾಗಿದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಕ್ಯಾಲೆಂಡರಿನ ಚಿತ್ರವು ಅಂಗಡಿಯ ಸರಕು, ವರ್ಷ ತೀರಿದೊಡನೆ ಹರಿದುಹಾಕತಕ್ಕುದು, ಅದರಲ್ಲಿ ಕಲೆಯೆಲ್ಲಿಯದು ಎಂಬುದು ಅವರ ಭಾವನೆ. ಈ ವಾದವು ಎರಡು ಕಡೆಗಳಲ್ಲಿ ದುರ್ಬಲವಾಗಿದೆ. ಧೂಲಿಚಿತ್ರವನ್ನು ಚಿತ್ರವೆಂದ ಸೋಮೇಶ್ವರನಿಗೆ ವರ್ಷಕಾಲ ಬಾಳುವ ಮುದ್ರಿತ ಚಿತ್ರವು ಅಚಿತ್ರವಾಗಲಾರದು. ಕ್ಷಣಿಕತೆಯು ಕಲೆಯ ದೋಷವೆಂದು ನಮ್ಮ ಲಕ್ಷಣಕಾರರು ಹೇಳಲಿಲ್ಲ. ಎರಡನೆಯದಾಗಿ, ವಿದ್ಧದ ಸಾದೃಶ್ಯಬಲವನ್ನು ಅವಿದ್ಧದ ಕಲ್ಪನೆಗೆ ತಂದು ಜೋಡಿಸುವುದೇ ಪಂಡಿತರ ವೈಶಿಷ್ಟ್ಯ. ಅವರ ದೇವತೆಗಳಿಗೆ ಸ್ನಾಯುವುಂಟು, ಚರ್ಮದ ಮೇಲೆ ಬೆಳಕು ಬೀಳುತ್ತದೆ, ವಸ್ತ್ರದ ನಿರಿಗೆಗೆ ಭಾರವಿದೆ. ಆದರೂ ಅವರು ಈ ಲೋಕದ ಮನುಷ್ಯರಾಗುವುದಿಲ್ಲ. ಮೈಮೆರಗು ಕೆಲವೆಡೆಗಳಲ್ಲಿ ಅತಿಯಾಗಿ, ಶೃಂಗಾರವು ಚಲಚ್ಚಿತ್ರದ ಛಾಯೆಯನ್ನು ತಾಳುತ್ತದೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಹಾಗೆಂದು ಮೂಲಚಿತ್ರಗಳನ್ನು ನೋಡದೆ, ಅಗ್ಗದ ಕಾಗದದ ಮೇಲಣ ಅಚ್ಚಿನಿಂದಲೇ ತೀರ್ಮಾನ ಕೊಡುವುದು, ಅಪಪಾಠಗಳಿಂದ ತುಂಬಿದ ಓಲೆಯೊಂದನ್ನು ಓದಿ ಕವಿಯನ್ನು ಹಳಿದಂತೆ. ಗ್ರಂಥಸಂಪಾದನದಲ್ಲಿ ಮಾತೃಕೆಯನ್ನು ಹುಡುಕುವ ವಿದ್ವಾಂಸನು ಚಿತ್ರದಲ್ಲಿಯೂ ಮಾತೃಕೆಯನ್ನು ಹುಡುಕಬೇಕಲ್ಲವೆ? ಚಿತ್ರಶಾಲೆಯ ಅಗತ್ಯವಿರುವುದು ಇಲ್ಲಿಯೇ.

ವಿಶ್ವವಿದ್ಯಾಲಯವು ಕಲಬುರಗಿಗೆ ಬಂದುದು ತಡವಾಗಿ. ಮೊದಲು ೧೯೭೦ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ತೆರೆಯಿತು. ೧೯೮೦ರಲ್ಲಿ ಅದು ಸ್ವತಂತ್ರ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಆ ವೇಳೆಗೆ ಚಿತ್ರಕಲೆಯ ಶಿಕ್ಷಣವನ್ನು ಕಲಬುರಗಿಯಲ್ಲಿಯೇ ನೆಲೆಗೊಳಿಸುವ ಕೆಲಸವನ್ನು ಚಿತ್ರಕಾರರೇ ಕೈಗೊಂಡಿದ್ದರು. ಜೆ. ಎಸ್. ಖಂಡೇರಾವ್, ವಿ. ಜಿ. ಅಂದಾನಿ ಮೊದಲಾದವರು ಬರೆಯುವುದರ ಜೊತೆಗೆ ಕಲಿಸುವುದನ್ನೂ ವ್ರತವಾಗಿ ಹಿಡಿದರು. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ ಗದಗಿನಲ್ಲಿ ಟಿ. ಪಿ. ಅಕ್ಕಿಯವರೂ ಮಾಡಿದ ಕೆಲಸಕ್ಕೆ ಇದು ಸಮಾನವಾದುದು. ಶಾಲೆ ಮೊದಲು, ವಿಶ್ವವಿದ್ಯಾಲಯದ ಮನ್ನಣೆ ಆಮೇಲೆ: ಉತ್ತರ ಕರ್ನಾಟಕದ ಚಿತ್ರಕಲೆಯ ಇತಿಹಾಸದಲ್ಲಿ ಈ ಕ್ರಮವು ಮತ್ತೆ ಮತ್ತೆ ಕಾಣುತ್ತದೆ. ದೃಶ್ಯಕಲೆಯು ಪದವಿಯ ವಿಷಯವಾದಾಗ, ನಾಗಾವಿಯ ಕಾಲದಿಂದ ಬೇರೆಬೇರೆಯಾಗಿ ಹರಿದ ಎರಡು ವಿದ್ಯೆಗಳು ಒಂದೇ ಸೂರಿನ ಕೆಳಗೆ ಬಂದವು.

ಸಮ್ಮಾನಗಳ ರೀತಿಯಲ್ಲಿ ವಿವೇಚನೆಗೆ ಅವಕಾಶವಿದೆ. ಪಂಡಿತರ ಹೆಸರನ್ನು ಕಲಬುರಗಿಯ ರಂಗಮಂದಿರಕ್ಕೆ ಇಟ್ಟಿದ್ದಾರೆ. ಊರವರ ಅಭಿಮಾನಕ್ಕೆ ಅದು ಸಾಕ್ಷಿ. ನಿತ್ಯವೂ ಸಾವಿರಾರು ಬಾಯಿಗಳು ಆ ಹೆಸರನ್ನು ಉಚ್ಚರಿಸುತ್ತವೆ. ಆದರೆ ಸಂಗೀತ ನಾಟಕಗಳ ಮಂದಿರವು ಚಿತ್ರಕಾರನ ಹೆಸರನ್ನು ಉಳಿಸಬಲ್ಲುದೇ ಹೊರತು ಅವನ ಕೃತಿಯನ್ನು ಕಾಯಲಾರದು. ವಿಶ್ವವಿದ್ಯಾಲಯದ ಚಿತ್ರಶಾಲೆಯು ಮಾಡಬೇಕಾದುದು ಬೇರೆ. ಮೈಸೂರು ವಿಶ್ವವಿದ್ಯಾಲಯವು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಬೆಳೆಸಿದಾಗ ಅದಕ್ಕೆ ದುಡಿದವರಲ್ಲಿ ಭೂದೃಶ್ಯಚಿತ್ರಕಾರರಾದ ಪಿ. ಆರ್. ತಿಪ್ಪೇಸ್ವಾಮಿಯವರು ಮುಖ್ಯರು. ಚಿತ್ರಕಾರನು ಸಂಗ್ರಹಕಾರನೂ ಆದುದರಿಂದ ಉಂಟಾದ ಪ್ರಯೋಜನವನ್ನು ಅಲ್ಲಿ ನೋಡಬಹುದು. ನಾಗಾವಿಯಲ್ಲಿ ಸರಸ್ವತೀಭಾಂಡಾರಿಕರಿದ್ದಂತೆ ಚಿತ್ರಕ್ಕೂ ಭಾಂಡಾರಿಕರು ಬೇಕು: ಬಣ್ಣ ಮಾಸದಂತೆ ನೋಡುವವರು, ಯಾವ ಚಿತ್ರವನ್ನು ಯಾವ ವರ್ಷ ಯಾರಿಗಾಗಿ ಬರೆದುದೆಂದು ದಾಖಲು ಇಡುವವರು. ಕನಗನಹಳ್ಳಿಯ ಚಪ್ಪಡಿಗಳು ಉತ್ಖನನದ ತರುವಾಯ ಬಹುಕಾಲ ಬಯಲಿನಲ್ಲಿಯೇ ಬಿದ್ದಿದ್ದುವು. ನೆಲದೊಳಗೆ ನಿರಾತಂಕವಾಗಿದ್ದ ಶಿಲ್ಪಕ್ಕೆ ಬೆಳಕಿಗೆ ಬಂದ ಮೇಲೆ ಮಳೆಬಿಸಿಲುಗಳ ಭಯವುಂಟಾಯಿತೆಂದರೆ, ಪ್ರದರ್ಶನಕ್ಕಿಂತ ಪಾಲನೆ ಮೊದಲೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಡೆಯದಾಗಿ ಒಂದು ಶಬ್ದದ ವಿಚಾರ. ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಗೌರವಪದವಿಗೆ ‘ನಾಡೋಜ’ವೆಂಬ ಪ್ರಾಚೀನ ಹೆಸರನ್ನು ಆರಿಸಿಕೊಂಡಿತು. ಆದಿಕವಿ ಪಂಪನಿಗೆ ಸಂದ ಹೆಸರು ಅದು. ಕಲಬುರಗಿಯ ಚಿತ್ರಕಾರರಾದ ಖಂಡೇರಾಯರಿಗೂ ಆ ಪದವಿ ಸಂದಿದೆ. ನಾಡೋಜ ಎಂದರೆ ನಾಡಿನ ಓಜ. ಸಂಸ್ಕೃತದ ಉಪಾಧ್ಯಾಯ ಶಬ್ದವು ಪ್ರಾಕೃತದಲ್ಲಿ ಉವಜ್ಝಾಯವಾಗಿ, ಸವೆದು ಕನ್ನಡದಲ್ಲಿ ಓಜವಾಯಿತು. ನಾಗಾವಿಯ ಘಟಿಕೆಯಲ್ಲಿ ಪಾಠ ಹೇಳಿದವನು ಉಪಾಧ್ಯಾಯ, ಎಂದರೆ ಓಜ. ಇತ್ತ ಬೇಲೂರಿನಲ್ಲಿ ಮದನಿಕೆಗಳನ್ನು ಕೆತ್ತಿದ ಬಳ್ಳಿಗಾವೆಯ ಶಿಲ್ಪಿಯ ಹೆಸರು ದಾಸೋಜ. ಶಾಸನಗಳಲ್ಲಿ ಬರುವ ಎಷ್ಟೋ ಶಿಲ್ಪಿಗಳ, ಅಕ್ಕಸಾಲಿಗರ, ಕಮ್ಮಾರರ ಹೆಸರುಗಳ ಕೊನೆಯಲ್ಲಿ ಇರುವುದೂ ಇದೇ ಓಜ.